ಲಿಸ್ಟಿನ ಕೊನೇ ಸಾಲು

ಪ್ರತಿ ವರ್ಷ ಹೊಸ ಬ್ಯಾಚ್ ಬಂದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ವಾಟ್ಸಾಪ್‌ಗೆ ಒಂದು ಲಿಸ್ಟ್ ಬರುತ್ತೆ. "ಅಕ್ಕಾ, ಮನೆಗೆ ಪಿಸಿ ಅಸೆಂಬಲ್ ಮಾಡಿಸ್ತಿದೀನಿ, ಒಂದ್ಸಲ ನೋಡಿ ಹೇಳಿ." ಲಿಸ್ಟು ನೋಡಿದ್ರೆ ನಮ್ಮ ಜೂನಿಯರ್‌ಗಳು ಎಷ್ಟು ತಿಳ್ಕೊಂಡಿದಾರಪ್ಪ ಅನ್ಸುತ್ತೆ. ಪ್ರೊಸೆಸರ್ ಯಾವ ಜನರೇಷನ್, ರ‍್ಯಾಮ್ ಎಷ್ಟು ಸ್ಪೀಡು, ಗ್ರಾಫಿಕ್ಸ್ ಕಾರ್ಡಿಗೆ ಎರಡು ಫ್ಯಾನೋ ಮೂರು ಫ್ಯಾನೋ, ಮಾನಿಟರ್ ಎಷ್ಟು ಹರ್ಟ್ಸ್, ಕ್ಯಾಬಿನೆಟ್ ಒಳಗಿನ ಬಣ್ಣದ ಲೈಟು ಯಾವ ಕಂಪನಿದು, ಎಲ್ಲಾ ಪಕ್ಕಾ. ಕೊನೇ ಸಾಲಿಗೆ ಬಂದ್ರೆ ಇಷ್ಟೇ ಇರುತ್ತೆ: "ಎಸ್‌ಎಂಪಿಎಸ್ - 500 ವ್ಯಾಟ್". ಕಂಪನಿ ಹೆಸರಿಲ್ಲ, ಮಾಡೆಲ್ ಇಲ್ಲ. ಕೆಲವು ಲಿಸ್ಟ್‌ಗಳಲ್ಲಿ ಆ ಸಾಲೂ ಇರಲ್ಲ, "ಕ್ಯಾಬಿನೆಟ್ ಜೊತೆ ಫ್ರೀ" ಅಂತಿರುತ್ತೆ.

ಬೇರೆ ಕೋರ್ಸಿನವರು ಹೀಗೆ ಬರೆದ್ರೆ ನನಗೇನೂ ಬೇಜಾರಿಲ್ಲ. ಆದ್ರೆ ನಾವು ಇಂಜಿನಿಯರಿಂಗ್ ಓದೋರು. ಅದ್ರಲ್ಲೂ ನಮ್ಮ ಇಇಇ, ಇಸಿ ಬ್ರಾಂಚಿನವರು ಪವರ್ ಎಲೆಕ್ಟ್ರಾನಿಕ್ಸ್ ಇಂಟರ್ನಲ್ಸ್‌ಗೆ ಬಕ್ ಕನ್ವರ್ಟರ್, ಫ್ಲೈಬ್ಯಾಕ್ ಕನ್ವರ್ಟರ್ ಸರ್ಕ್ಯೂಟ್‌ಗಳನ್ನ ಕಣ್ಮುಚ್ಚಿ ಬರೀತೀವಿ. ವೇವ್‌ಫಾರ್ಮ್‌ಗೆ ಸ್ಕೇಲ್ ಇಟ್ಟು ಗೆರೆ ಎಳೀತೀವಿ. ಅದೇ ವಸ್ತು ಡಬ್ಬಿಯಾಗಿ ನಮ್ಮ ಮೇಜಿನ ಕೆಳಗೆ ಬಂದು ಕೂತಾಗ ಅದರ ಮೈಮೇಲೆ ಅಂಟಿಸಿರೋ ಸ್ಟಿಕರ್ ಕೂಡ ಓದಲ್ಲ. ಇದು ಬೈಗುಳ ಅಲ್ಲ, ನಾನೇ ಹಾಗೆ ಮಾಡಿದವಳು.

ನಮ್ಮೂರು ತಿಪಟೂರಿನ ಹತ್ರ. ಎರಡನೇ ವರ್ಷದಲ್ಲಿ ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ 46,000 ತೆಗೆದು ಕೊಟ್ಟಿದ್ರು. ತಿಪಟೂರು ಕಡೆಯವರಿಗೆ ಗೊತ್ತಿರುತ್ತೆ, ಉಂಡೆ ಕೊಬ್ಬರಿ ಅಂದ್ರೆ ಕಾಯಿ ಕಿತ್ತು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿಸಿ, ಮಾರ್ಕೆಟ್ ರೇಟು ಏರೋದನ್ನೇ ಕಾಯೋ ವ್ಯವಹಾರ. ಆ ದುಡ್ಡಲ್ಲಿ ನಾನು ಪ್ರೊಸೆಸರ್‌ಗೆ ಧಾರಾಳವಾಗಿ ಕೊಟ್ಟೆ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಇನ್ನೂ ಧಾರಾಳವಾಗಿ ಕೊಟ್ಟೆ. ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಎರಡೂ ಸೇರಿ 2,200 ರೂಪಾಯಿ. ಅಂಗಡಿಯವ್ರು "ಮೇಡಂ, 450 ವ್ಯಾಟ್ ಇದೆ, ಆರಾಮಾಗಿ ಎಳೆಯುತ್ತೆ" ಅಂದ್ರು. ನಾನೂ ತಲೆ ಆಡಿಸಿದೆ.

ಹದಿನಾಲ್ಕು ತಿಂಗಳು ಆರಾಮಾಗೇ ಎಳೀತು. ಬೇಸಿಗೆ ರಜೆಯಲ್ಲಿ ಪಿಸಿ ಊರಿಗೆ ತಗೊಂಡು ಹೋಗಿದ್ದೆ. ಒಂದು ಸಾಯಂಕಾಲ ಗಾಳಿ ಮಳೆ ಶುರುವಾಗಿ, ಟ್ರಾನ್ಸ್‌ಫಾರ್ಮರ್ ಕಡೆ ಎಲ್ಲೋ ನ್ಯೂಟ್ರಲ್ ಕಟ್ ಆಯ್ತು. ಮೂರು ಫೇಸಿನ ಲೈನಲ್ಲಿ ನ್ಯೂಟ್ರಲ್ ಹೋದ್ರೆ ಏನಾಗುತ್ತೆ ಅಂತ ನಾವು ಥಿಯರಿಯಲ್ಲಿ ಓದಿದೀವಿ: ಲೋಡ್ ಕಡಿಮೆ ಇರೋ ಫೇಸಿನ ಮನೆಗಳಿಗೆ 230 ಬದಲು ಮುನ್ನೂರು, ಅದಕ್ಕೂ ಮೇಲೆ ಬರಬಹುದು. ಪ್ರಾಕ್ಟಿಕಲ್ಲಾಗಿ ಏನಾಗುತ್ತೆ ಅಂದ್ರೆ ನಡುಮನೆ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯುತ್ತೆ, ಫ್ಯಾನು ಹೆಲಿಕಾಪ್ಟರ್ ಥರ ತಿರುಗುತ್ತೆ, ಅಮ್ಮ "ಮೇನ್ ಆಫ್ ಮಾಡ್ರೋ" ಅಂತ ಕೂಗೋವಷ್ಟರಲ್ಲಿ ರೂಮಿಂದ ಠಪ್ ಅಂತ ಸದ್ದು ಬಂದು ಸುಟ್ಟ ವಾಸನೆ ಹರಡುತ್ತೆ.

ಎಸ್‌ಎಂಪಿಎಸ್ ಒಂದೇ ಸತ್ತಿದ್ರೆ ಈ ಲೇಖನ ಬರೀತಿರ್ಲಿಲ್ಲ. ಅದು ಹೋಗ್ತಾ ಮದರ್‌ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಎಸ್‌ಎಸ್‌ಡಿಯಲ್ಲಿ ಮಿನಿ ಪ್ರಾಜೆಕ್ಟ್ ಇತ್ತು, ಅದನ್ನ ಮತ್ತೆ ಮಾಡಿದ್ವಿ. ಅದರಲ್ಲಿ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳೂ ಇದ್ವು. ಇದೇ ಕನ್ನಡ ಸಂಘದ ಪತ್ರಿಕೆಗೆ ಬರೆಯೋಣ ಅಂತ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಮೊಬೈಲಲ್ಲಿ ಜಾಗ ಇಲ್ಲ ಅಂತ ಪಿಸಿಗೆ ಹಾಕಿ, ಮೊಬೈಲಿಂದ ಅಳಿಸಿದ್ದೆ. ಡೇಟಾ ತೆಗೆದುಕೊಡೋರು ಹೇಳಿದ ರೇಟು ಪಿಸಿ ರೇಟಿಗೆ ಹತ್ರ ಇತ್ತು, ಅದೂ ಗ್ಯಾರಂಟಿ ಇಲ್ದೆ. ಅಜ್ಜಿ ಆ ವರ್ಷದ ಕಾರ್ತಿಕದಲ್ಲಿ ತೀರಿಕೊಂಡ್ರು. ಬ್ಯಾಕಪ್ ಇಟ್ಟುಕೊಳ್ಳದ್ದು ನನ್ನದೇ ತಪ್ಪು, ಅದನ್ನ ಎಸ್‌ಎಂಪಿಎಸ್ ತಲೆಗೆ ಕಟ್ಟಲ್ಲ. ಒಳ್ಳೇ ಎಸ್‌ಎಂಪಿಎಸ್ ಇದ್ದಿದ್ರೂ ಆ ವೋಲ್ಟೇಜಿಗೆ ಅದು ಸಾಯ್ತಿತ್ತೇನೋ. ಆದ್ರೆ ಒಂಟಿಯಾಗಿ ಸಾಯೋ ಸಾಧ್ಯತೆ ಜಾಸ್ತಿ ಇತ್ತು. ನನ್ನ ವಾದ ಇರೋದು ಅಲ್ಲಿ.

ಕಾಲೇಜಿಗೆ ವಾಪಸ್ ಬಂದ್ಮೇಲೆ ಸತ್ತ ಡಬ್ಬಿಯನ್ನ ಲ್ಯಾಬಿಗೆ ತಗೊಂಡು ಹೋಗಿ ಬಿಚ್ಚಿದ್ವಿ, ಇನ್‌ಸ್ಟ್ರಕ್ಟರ್ ಸರ್ ಎದುರಿಗೇ. ಯಾರೂ ರೂಮಲ್ಲಿ ಸುಮ್ನೆ ಬಿಚ್ಚೋಕೆ ಹೋಗ್ಬೇಡಿ. 230 ವೋಲ್ಟ್ ಎಸಿ ರೆಕ್ಟಿಫೈ ಆದ್ರೆ 325 ವೋಲ್ಟ್ ಡಿಸಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಅದು ಸ್ವಲ್ಪ ಹೊತ್ತು ಕೂತಿರುತ್ತೆ. ಒಳಗೆ ನೋಡಿದ್ರೆ, ಬೋರ್ಡಿನ ಮೇಲೆ ಇನ್‌ಪುಟ್ ಫಿಲ್ಟರಿನ ಕಾಯಿಲಿಗೆ ಜಾಗ ಪ್ರಿಂಟ್ ಆಗಿದೆ, ಕಾಯಿಲ್ ಇಲ್ಲ, ಅದರ ಬದಲು ಎರಡು ತಂತಿ ತುಂಡು. ಸರ್ಜ್ ಬಂದ್ರೆ ಹೀರಿಕೊಳ್ಳೋ ವೇರಿಸ್ಟರಿಗೂ ಜಾಗ ಇದೆ, ವೇರಿಸ್ಟರ್ ಇಲ್ಲ. ಡಿಸೈನ್ ಮಾಡಿದವನಿಗೆ ಎಲ್ಲಾ ಗೊತ್ತಿತ್ತು. ಹತ್ತಿಪ್ಪತ್ತು ರೂಪಾಯಿ ಉಳಿಸಬೇಕಾದವನು ಒಂದೊಂದಾಗಿ ಕಿತ್ತು ಹಾಕಿದ್ದ.

ಆಮೇಲೆ ಸ್ಟಿಕರ್ ಓದಿದೆ, ಮೊದಲ ಸಲ. ದೊಡ್ಡ ಅಕ್ಷರದಲ್ಲಿ 450. ಕೆಳಗೆ ಸಣ್ಣ ಟೇಬಲ್. 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 25, 12 ವೋಲ್ಟಿಗೆ 14. ಗುಣಿಸಿ ನೋಡಿ. 12 ವೋಲ್ಟ್ ರೈಲಲ್ಲಿ ಬರೀ 168 ವ್ಯಾಟ್. ಎಲ್ಲಾ ರೈಲುಗಳನ್ನ ಗುಣಿಸಿ, ಸ್ಟ್ಯಾಂಡ್‌ಬೈ ಲೈನನ್ನೂ ಸೇರಿಸಿ ಕೂಡಿದ್ರೂ 375ರ ಹತ್ರ ನಿಲ್ಲುತ್ತೆ. 450 ಎಲ್ಲಿಂದ ಬಂತು? ಸ್ಟಿಕರ್ ಪ್ರಿಂಟ್ ಮಾಡೋ ಅಂಗಡಿಯಿಂದ.

ಈ 12 ವೋಲ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಡೀ ಆಯ್ಕೆ ನಿಂತಿರೋದು ಇದರ ಮೇಲೆ. ಪೆಂಟಿಯಂ 3 ಕಾಲದವರೆಗೆ ಕಂಪ್ಯೂಟರಿನ ಹೆಚ್ಚಿನ ಪವರ್ 5 ವೋಲ್ಟ್ ಮತ್ತು 3.3 ವೋಲ್ಟಿಂದ ಹೋಗ್ತಿತ್ತು. 2000ದಲ್ಲಿ ಪೆಂಟಿಯಂ 4 ಜೊತೆ ಪ್ರೊಸೆಸರಿಗೇ ಅಂತ 12 ವೋಲ್ಟಿನ ನಾಲ್ಕು ಪಿನ್ ಕನೆಕ್ಟರ್ ಬಂತು. ಅಲ್ಲಿಂದ ಈಚೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟ್ ತಗೊಂಡು ತಮ್ಮ ಪಕ್ಕದಲ್ಲೇ ಇರೋ ಬಕ್ ಕನ್ವರ್ಟರ್‌ಗಳಲ್ಲಿ ಒಂದು ಒಂದೂವರೆ ವೋಲ್ಟಿಗೆ ಇಳಿಸ್ಕೋತವೆ. ಅಂದ್ರೆ ಇವತ್ತಿನ ಪಿಸಿಯಲ್ಲಿ ಲೆಕ್ಕಕ್ಕೆ ಬರೋದು 12 ವೋಲ್ಟ್ ಒಂದೇ ಅಂದ್ರೂ ತಪ್ಪಿಲ್ಲ. ನನ್ನ ಡಬ್ಬಿ ಇಪ್ಪತ್ತು ವರ್ಷ ಹಿಂದಿನ ಕಂಪ್ಯೂಟರಿಗೆ ಮಾಡಿದ ಡಿಸೈನು, ಮೇಲೆ ಹೊಸ ಸ್ಟಿಕರು. ಹಾಗಾಗಿ ಅಂಗಡಿಗೆ ಹೋದಾಗ "ಎಷ್ಟು ವ್ಯಾಟು" ಅಂತ ಕೇಳ್ಬೇಡಿ. "12 ವೋಲ್ಟಲ್ಲಿ ಎಷ್ಟು ಆಂಪಿಯರು" ಅಂತ ಕೇಳಿ. 450 ವ್ಯಾಟಿನ ಮರ್ಯಾದಸ್ಥ ಎಸ್‌ಎಂಪಿಎಸ್ ಆದ್ರೆ 35ರ ಆಸುಪಾಸು ಆಂಪಿಯರ್ ಬರೆದಿರುತ್ತೆ. 14, 16, 18 ಅಂತ ಬರೆದಿದ್ರೆ ಪೆಟ್ಟಿಗೆ ಮುಚ್ಚಿ ವಾಪಸ್ ಕೊಡಿ.

ಸ್ಟಿಕರ್ ಸುಳ್ಳೂ ಹೇಳಬಹುದಲ್ವಾ ಅಂತ ನೀವು ಕೇಳ್ತೀರಿ. ನಾವೂ ಕೇಳ್ಕೊಂಡ್ವಿ. ನನ್ನದು ಸತ್ತಿತ್ತು, ಆದ್ರೆ ಅದೇ ಮಾಡೆಲ್ ಹಾಸ್ಟೆಲಿನ ಇನ್ನೊಬ್ಬಳ ಕ್ಯಾಬಿನೆಟ್‌ನಲ್ಲಿ ಜೀವಂತ ಇತ್ತು. ಲೋಡಿಗೆ ಏನು ಹಾಕೋದು? ಕಾರಿನ ಹೆಡ್‌ಲೈಟ್ ಬಲ್ಬು, 12 ವೋಲ್ಟ್, 55 ವ್ಯಾಟ್. ಒಂದೊಂದು ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತೆ. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಆರು ಬಲ್ಬು ತಂದ್ವಿ. 5 ವೋಲ್ಟ್ ಕಡೆಗೆ ಒಂದು ಹಳೇ ಹಾರ್ಡ್‌ಡಿಸ್ಕ್. 24 ಪಿನ್ ಕನೆಕ್ಟರಿನ ಹಸಿರು ವೈರನ್ನ ಕಪ್ಪು ವೈರಿಗೆ ಸೇರಿಸಿದ್ರೆ ಮದರ್‌ಬೋರ್ಡ್ ಇಲ್ದೆನೂ ಎಸ್‌ಎಂಪಿಎಸ್ ಆನ್ ಆಗುತ್ತೆ. ಬಲ್ಬುಗಳನ್ನ ಒಂದಾದ್ಮೇಲೆ ಒಂದು ಹಚ್ಚಬೇಕು, ಯಾಕಂದ್ರೆ ತಣ್ಣಗಿರೋ ಫಿಲಮೆಂಟು ಮೊದಲ ಕ್ಷಣ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ.

ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟು ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು, ಅಂದ್ರೆ 11.4ರಿಂದ 12.6. ರಿಪಲ್ 120 ಮಿಲಿವೋಲ್ಟ್ ಒಳಗೆ. ಡಬ್ಬಿಗೆ ಮೊದಲ ಬಲ್ಬು ಹಚ್ಚಿದಾಗ ಪರವಾಗಿಲ್ಲ ಅನ್ನಿಸ್ತು. ಎರಡನೇದಕ್ಕೆ 11.5ಕ್ಕೆ ಇಳೀತು. ಮೂರನೇದಕ್ಕೆ, ಅಂದ್ರೆ ಅದರ ಸ್ಟಿಕರಿನಲ್ಲೇ ಬರೆದ 14 ಆಂಪಿಯರಿಗೆ, 10.9. ಸ್ಕೋಪಿನಲ್ಲಿ ರಿಪಲ್ ನೋಡಿ ಸರ್ ನಕ್ಕುಬಿಟ್ರು, ಗೆರೆ ಅಲ್ಲ ಅದು, ಕಂಬಳಿಹುಳ. ಜೊತೆಗೆ ಇನ್ನೊಂದು ವಿಚಿತ್ರ: 12 ಇಳೀತಾ ಇದ್ದಂಗೆ 5 ವೋಲ್ಟು ಏರಿ 5.3 ಆಗಿತ್ತು. ಎರಡಕ್ಕೂ ಸೇರಿ ಒಂದೇ ಫೀಡ್‌ಬ್ಯಾಕ್ ಲೂಪ್ ಇದ್ದಾಗ ಹೀಗಾಗುತ್ತೆ, ಒಂದು ಕಡೆ ಕುಸಿದದ್ದನ್ನ ಎತ್ತೋಕೆ ಹೋಗಿ ಇನ್ನೊಂದು ಕಡೆ ಉಬ್ಬುತ್ತೆ. ಎಸ್‌ಎಸ್‌ಡಿ ಕೂತಿರೋದು ಆ 5 ವೋಲ್ಟಿನ ಮೇಲೆ. ಬಿಸಿ ವಾಸನೆ ಬರೋಕೆ ಶುರುವಾದಾಗ ಆಫ್ ಮಾಡಿದ್ವಿ. ಆಮೇಲೆ ಲ್ಯಾಬಿನ ಒಂದು ಪಿಸಿಯಿಂದ ಬ್ರಾಂಡೆಡ್ 450 ವ್ಯಾಟ್ ತೆಗೆದು ಅದಕ್ಕೆ ಆರೂ ಬಲ್ಬು ಹಾಕಿದ್ವಿ, 330 ವ್ಯಾಟ್. ಮೀಟರಿನಲ್ಲಿ 11.9. ಲ್ಯಾಬು ಪೂರ್ತಿ ಮದುವೆಮನೆ ಥರ ಬೆಳಕು. ಎರಡು ಡಬ್ಬಿಗಳ ಮೇಲೂ ಬರೆದಿದ್ದು ಅದೇ 450.

ಹಾಗಾದ್ರೆ ಎಷ್ಟು ಸಾಕು? ಲೆಕ್ಕ ಬಹಳ ಸುಲಭ, ಯಾಕೋ ಯಾರೂ ಹಾಕಲ್ಲ. ಇಂಟೆಲ್ ಐ5-12400ಎಫ್ ತಗೊಳ್ಳಿ. ಪೆಟ್ಟಿಗೆ ಮೇಲೆ 65 ವ್ಯಾಟ್ ಅಂತಿರುತ್ತೆ, ಆದ್ರೆ ಟರ್ಬೋದಲ್ಲಿ ಗರಿಷ್ಠ 117 ಅಂತ ಇಂಟೆಲ್ ಕಂಪನಿಯೇ ಹೇಳುತ್ತೆ. ದೊಡ್ಡ ನಂಬರೇ ಹಿಡಿಯಿರಿ. ಆರ್‌ಟಿಎಕ್ಸ್ 3060 ಕಾರ್ಡಿಗೆ 170. ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿ ಧಾರಾಳವಾಗಿ 50. ಒಟ್ಟು 337. ಅದೂ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಒಂದೇ ಸಲ ಏದುಸಿರು ಬಿಡ್ತಾ ಇದ್ರೆ. ಒಳ್ಳೇ 550 ವ್ಯಾಟ್ ಇದ್ರೆ ಮುಂದೆ ಕಾರ್ಡ್ ಬದಲಾಯಿಸೋಕೂ ಜಾಗ ಉಳಿಯುತ್ತೆ. ಎನ್‌ವಿಡಿಯಾ ಕೂಡ ಆ ಕಾರ್ಡಿಗೆ 550 ಅಂತಲೇ ಹೇಳೋದು. ಗ್ರಾಫಿಕ್ಸ್ ಕಾರ್ಡೇ ಬೇಡ, ಕೋಡಿಂಗು, ಮ್ಯಾಟ್‌ಲ್ಯಾಬು, ಸ್ವಲ್ಪ ಆಟೋಕ್ಯಾಡು ಸಾಕು ಅನ್ನೋರಿಗೆ ಎಲ್ಲಾ ಸೇರಿ 170 ವ್ಯಾಟ್ ದಾಟಲ್ಲ. ಅವ್ರಿಗೆ 400, 450ರ ಒಳ್ಳೇದೊಂದು ಬೇಕಾದಷ್ಟಾಯ್ತು.

ಇಲ್ಲಿ ನನ್ನ ಎರಡನೇ ಜಗಳ ಇರೋದು ಇನ್ನೊಂದು ಪಾರ್ಟಿ ಜೊತೆ. ಯೂಟ್ಯೂಬ್ ನೋಡಿ ಬಂದ ಸೀನಿಯರ್‌ಗಳು. "750 ವ್ಯಾಟ್ ಗೋಲ್ಡ್‌ಗಿಂತ ಕಡಿಮೆ ಹಾಕಲೇಬೇಡ ಮಗಾ" ಅಂತ ಜೂನಿಯರ್‌ಗಳನ್ನ ಹೆದರಿಸ್ತಾರೆ. ಪಾಪ, ಮನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ದುಡ್ಡಲ್ಲಿ ಅದಕ್ಕೆ ಜಾಗ ಇರಲ್ಲ. ಆಗ ಹುಡುಗರು ಏನ್ಮಾಡ್ತಾರೆ? ಒಳ್ಳೇ 450 ತಗೊಳ್ಳೋದು ಬಿಟ್ಟು, ಅದೇ ದುಡ್ಡಿಗೆ ಸಿಗೋ ಹೆಸರಿಲ್ಲದ "750" ತಗೋತಾರೆ. ದೊಡ್ಡ ಸಂಖ್ಯೆಯ ಭಯ ಹುಟ್ಟಿಸಿದವರೇ ಸ್ಟಿಕರ್ ಪ್ರಿಂಟ್ ಮಾಡೋರಿಗೆ ಗಿರಾಕಿ ಹಿಡಿದುಕೊಟ್ಟಂಗಾಯ್ತು.

ದೊಡ್ಡ ಕಾರ್ಡುಗಳ ಕಥೆ ಬೇರೆ, ಒಪ್ಕೋತೀನಿ. ಆರ್‌ಟಿಎಕ್ಸ್ 3080, 3090 ಬಂದಾಗ ಅವು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ತಮ್ಮ ರೇಟಿಂಗಿಗಿಂತ ಬಹಳ ಹೆಚ್ಚು ಎಳೆದು ಒಳ್ಳೊಳ್ಳೇ ಎಸ್‌ಎಂಪಿಎಸ್‌ಗಳೇ ಟ್ರಿಪ್ ಆಗ್ತಿದ್ವು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ 100 ಮೈಕ್ರೋಸೆಕೆಂಡ್ ಹೊತ್ತು ರೇಟಿಂಗಿನ ಎರಡರಷ್ಟು ತಡ್ಕೋಬೇಕು ಅಂತ ಸೇರಿಸಿದ್ದು ಅದಕ್ಕೇ. ಆದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಆ ಕಾರ್ಡ್ ಎಷ್ಟು ಜನರ ಹತ್ರ ಇದೆ ಹೇಳಿ.

ಗೋಲ್ಡ್ ಬಗ್ಗೆ ಎರಡು ಮಾತು. 80 ಪ್ಲಸ್ ಅನ್ನೋದು 2004ರಲ್ಲಿ ಶುರುವಾದ ಎಫಿಶಿಯೆನ್ಸಿ ಗುರುತು. ಅರ್ಧ ಲೋಡಿನಲ್ಲಿ ಬ್ರಾಂಜ್ ಅಂದ್ರೆ ಶೇಕಡಾ 85, ಗೋಲ್ಡ್ ಅಂದ್ರೆ 90. ಇದು 115 ವೋಲ್ಟ್ ಪರೀಕ್ಷೆಯ ಅಂಕಿ, ನಮ್ಮ 230ರಲ್ಲಿ ಎರಡೂ ಸ್ವಲ್ಪ ಮೇಲೇ ಇರುತ್ತವೆ. ನಿಮ್ಮ ಪಿಸಿ 200 ವ್ಯಾಟ್ ಬಳಸ್ತಿದೆ ಅಂದ್ಕೊಳ್ಳಿ. ಬ್ರಾಂಜ್ ಗೋಡೆಯಿಂದ 235 ಎಳೆಯುತ್ತೆ, ಗೋಲ್ಡ್ 222. ವ್ಯತ್ಯಾಸ 13 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 19 ಯೂನಿಟ್. ಯೂನಿಟಿಗೆ 6 ರೂಪಾಯಿ ಹಿಡಿದ್ರೂ ವರ್ಷಕ್ಕೆ 115 ರೂಪಾಯಿ ಚಿಲ್ಲರೆ. ಗೋಲ್ಡಿಗೆ 2,000 ಹೆಚ್ಚು ಕೊಟ್ರೆ ಆ ದುಡ್ಡು ಕರೆಂಟ್ ಬಿಲ್ಲಿನಲ್ಲಿ ವಾಪಸ್ ಬರೋಕೆ ಹದಿನೇಳು ವರ್ಷ ಬೇಕು. ಮನೆಗೆ ಗೃಹಜ್ಯೋತಿ ಇದ್ರೆ ಕೇಳೋದೇ ಬೇಡ.

ಅದಕ್ಕಿಂತ ಮುಖ್ಯ, ಗೋಲ್ಡ್ ಅಂದ್ರೆ ಸುರಕ್ಷಿತ ಅಂತಲೂ ಅರ್ಥ ಅಲ್ಲ. ಗಿಗಾಬೈಟ್ ಕಂಪನಿಯ ಜಿಪಿ-ಪಿ750ಜಿಎಂ ಅನ್ನೋ ಮಾಡೆಲ್ 80 ಪ್ಲಸ್ ಗೋಲ್ಡೇ. ಪರೀಕ್ಷೆ ಮಾಡೋರ ಟೇಬಲ್ ಮೇಲೆ ಅದು ಢಂ ಅಂದ ವಿಡಿಯೋಗಳು ಬಂದ್ವು. 2021ರ ಆಗಸ್ಟಿನಲ್ಲಿ ಕಂಪನಿ ಹೇಳಿಕೆ ಕೊಟ್ಟು, ಓವರ್ ಪವರ್ ಪ್ರೊಟೆಕ್ಷನ್ ಶೇಕಡಾ 120ರಿಂದ 150ರ ನಡುವೆ ಕೆಲಸ ಮಾಡ್ತಿದ್ದದ್ದನ್ನ 110ರಿಂದ 120ಕ್ಕೆ ಇಳಿಸಿದೀವಿ, ಹಳೇ ಬ್ಯಾಚಿನವನ್ನ ಬದಲಾಯಿಸಿ ಕೊಡ್ತೀವಿ ಅಂತು. ಎಷ್ಟು ಪವರ್ ಬಿಸಿಯಾಗಿ ಪೋಲಾಗುತ್ತೆ ಅನ್ನೋದು ಒಂದು ಪ್ರಶ್ನೆ, ಹದ ತಪ್ಪಿದಾಗ ಏನು ಮಾಡುತ್ತೆ ಅನ್ನೋದು ಬೇರೇನೇ ಪ್ರಶ್ನೆ. 80 ಪ್ಲಸ್ ಉತ್ತರ ಕೊಡೋದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಆ ಮಾಡೆಲನ್ನ ಯಾರಾದ್ರೂ ಲೋಡ್ ಹಾಕಿ, ಶಾರ್ಟ್ ಮಾಡಿ ಪರೀಕ್ಷೆ ಮಾಡಿರೋ ರಿವ್ಯೂ ಹುಡುಕಿ. ಸಿಗದಿದ್ರೆ ವಾರಂಟಿ ನೋಡಿ. ಒಂದು ವರ್ಷ ಕೊಡೋರಿಗೂ ಐದು, ಏಳು ವರ್ಷ ಕೊಡೋರಿಗೂ ತಮ್ಮ ಮಾಲಿನ ಬಗ್ಗೆ ಇರೋ ಧೈರ್ಯ ಬೇರೆ ಬೇರೆ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ನಾನೂ ತಗೊಂಡೆ, ಅದೊಂದೇ ಕೊನೆಗೆ ಬದುಕಿ ಉಳಿದದ್ದು. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಬಿಸಿಯಲ್ಲಿ ದಿನ ದಿನ ಒಣಗ್ತಾ ಇರ್ತವೆ, ಎಷ್ಟು ಒಣಗಿದೆ ಅಂತ ಹೊರಗಿಂದ ಗೊತ್ತಾಗಲ್ಲ.

ಒಂದು ಕೆಂಪು ಸ್ವಿಚ್ಚಿನ ಬಗ್ಗೆ ಹೇಳ್ಲೇಬೇಕು. ಕೆಲವು ಅಗ್ಗದ ಎಸ್‌ಎಂಪಿಎಸ್‌ಗಳ ಹಿಂದೆ 115, 230 ಅಂತ ಬರೆದ ಸಣ್ಣ ಕೆಂಪು ಸ್ವಿಚ್ ಇರುತ್ತೆ. ಹಾಸ್ಟೆಲಿನ ಒಬ್ಬ ಹುಡುಗ "115ಕ್ಕೆ ಇಟ್ರೆ ಕರೆಂಟ್ ಕಡಿಮೆ ತಗೊಳುತ್ತೆ" ಅಂತ ಜಾರಿಸಿ ಆನ್ ಮಾಡಿದ. ಆ ಸ್ಥಾನದಲ್ಲಿ ಒಳಗಿನ ಸರ್ಕ್ಯೂಟ್ ವೋಲ್ಟೇಜ್ ಡಬ್ಲರ್ ಆಗುತ್ತೆ. ಸಾಮಾನ್ಯವಾಗಿ 200 ವೋಲ್ಟಿಗೆ ಮಾಡಿದ ಎರಡು ಕೆಪಾಸಿಟರ್‌ಗಳ ಮೇಲೆ ಒಂದೊಂದಕ್ಕೂ 325 ಬಂದು ಕೂತ್ಕೊಳ್ಳುತ್ತೆ. ದೀಪಾವಳಿಗೆ ಇನ್ನೂ ಮೂರು ವಾರ ಇತ್ತು, ಕಾರಿಡಾರಿನವರೆಲ್ಲ ಪಟಾಕಿ ಅಂದ್ಕೊಂಡ್ರು. ಆಕ್ಟಿವ್ ಪಿಎಫ್‌ಸಿ ಇರೋ ಎಸ್‌ಎಂಪಿಎಸ್‌ಗೆ ಆ ಸ್ವಿಚ್ಚೇ ಇರಲ್ಲ. 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಸ್ಕೊಳ್ಳುತ್ತೆ. ಸಾಯಂಕಾಲ ಎಲ್ಲರೂ ಮೋಟರ್ ಹಾಕಿದಾಗ ವೋಲ್ಟೇಜು 170ಕ್ಕೆ ಬೀಳೋ ನಮ್ಮಂಥ ಊರುಗಳವರಿಗೆ ಇದು ಗೋಲ್ಡಿಗಿಂತ ಮುಖ್ಯ. ಹಿಂದೆ ಕೆಂಪು ಸ್ವಿಚ್ ಇದೆಯಾ ನೋಡಿ, ಇದ್ರೆ ಮುಂದಿನ ಪೆಟ್ಟಿಗೆ ತೋರ್ಸಿ ಅನ್ನಿ.

ಇನ್ನು ಅರ್ಥಿಂಗು. ಹೊಸ ಪಿಸಿಗೆ ನಾನು ಒಳ್ಳೇ ಎಸ್‌ಎಂಪಿಎಸ್ ಹಾಕಿಸಿ ಊರಿಗೆ ತಗೊಂಡು ಹೋದೆ. ಅಪ್ಪ ಕ್ಯಾಬಿನೆಟ್ ಮುಟ್ಟಿದ್ರು, ಕೈಗೆ ಜುಂ ಅಂತು. "ಏನವ್ವ ಇದು, ಹಳೇದು ಶಾಕ್ ಹೊಡೀತಿರ್ಲಿಲ್ಲ. ದುಡ್ಡು ಜಾಸ್ತಿ ಕೊಟ್ಟು ಶಾಕ್ ಹೊಡೆಯೋದು ತಂದಿದೀಯ?" ನನಗೂ ಮೊದಲು ಅರ್ಥ ಆಗ್ಲಿಲ್ಲ. ಯೋಚನೆ ಮಾಡಿದ್ರೆ ಕಾರಣ ಚೆನ್ನಾಗಿದೆ. ಒಳ್ಳೇ ಎಸ್‌ಎಂಪಿಎಸ್‌ನ ಇನ್‌ಪುಟ್ ಫಿಲ್ಟರಿನಲ್ಲಿ ಫೇಸಿಂದ ಬಾಡಿಗೆ ಒಂದು, ನ್ಯೂಟ್ರಲಿಂದ ಬಾಡಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ. ಬಾಡಿ ಅರ್ಥ್ ಆಗಿದ್ರೆ ಆ ಸೋರಿಕೆ ಭೂಮಿಗೆ ಹೋಗುತ್ತೆ. ಅರ್ಥ್ ಇಲ್ದೆ ಹೋದ್ರೆ ಎರಡು ಸಮ ಕೆಪಾಸಿಟರ್‌ಗಳ ನಡುವೆ ಬಾಡಿ 115 ವೋಲ್ಟಿನಲ್ಲಿ ತೇಲುತ್ತೆ. ಕರೆಂಟ್ ಬಹಳ ಕಡಿಮೆ, ಜುಂ ಅನ್ನುತ್ತೆ ಅಷ್ಟೆ, ಟೆಸ್ಟರ್ ಇಟ್ರೆ ಮಿಣುಕುತ್ತೆ. ಹಳೇ ಡಬ್ಬಿಯಲ್ಲಿ ಫಿಲ್ಟರೇ ಇರ್ಲಿಲ್ಲವಲ್ಲ, ಎಲ್ಲಿಂದ ಶಾಕ್ ಹೊಡೀಬೇಕು! ತಪ್ಪು ಎಸ್‌ಎಂಪಿಎಸ್‌ದಲ್ಲ, ನಮ್ಮನೆ ಸಾಕೆಟ್ಟಿನ ಮೂರನೇ ತೂತಿಗೆ ವೈರೇ ಬಂದಿರ್ಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಲಿ ಅರ್ಥ್ ಎಳೆಸಿದ್ವಿ. ಆ ಖರ್ಚು ಎಸ್‌ಎಂಪಿಎಸ್ ಖರ್ಚಿನ ಭಾಗ ಅಂತಲೇ ನಾನು ಹಿಡಿಯೋದು. ಮೂರು ಪಿನ್ನಿನ ಪ್ಲಗ್ಗಿಂದ ದೊಡ್ಡ ಪಿನ್ ಕಿತ್ತು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ತುರುಕೋ ರೂಮ್‌ಮೇಟ್‌ಗಳಿಗೂ ಇದು ಅನ್ವಯ.

ಯುಪಿಎಸ್ ಇಟ್ಕೊಳ್ಳೋರಿಗೆ ಚಿಕ್ಕ ಲೆಕ್ಕ: 600 ವಿಎ ಅಂತ ಬರೆದದ್ದು ಸಾಮಾನ್ಯವಾಗಿ 360 ವ್ಯಾಟು, ಅದೂ ಕೆಲವೇ ನಿಮಿಷ, ಸೇವ್ ಮಾಡಿ ಶಟ್‌ಡೌನ್ ಮಾಡೋಕೆ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಗೆ ಹೊರಳೋಕೆ ಕೆಲವು ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಲ್ಲೇ ನಿಲ್ಲಬೇಕು. ಒಳ್ಳೇದು ಸುಮಾರು 16 ಮಿಲಿಸೆಕೆಂಡ್ ನಿಲ್ಲುತ್ತೆ, 50 ಹರ್ಟ್ಸಿನ ಒಂದು ಸೈಕಲ್ಲಿಗೆ ಸ್ವಲ್ಪ ಕಡಿಮೆ. "ಯುಪಿಎಸ್ ಇದ್ರೂ ಪಿಸಿ ರೀಸ್ಟಾರ್ಟ್ ಆಗುತ್ತೆ" ಅಂತ ಯುಪಿಎಸ್ ಬದಲಾಯಿಸೋರು ಒಮ್ಮೆ ಎಸ್‌ಎಂಪಿಎಸ್ ಕಡೆಗೂ ತಿರುಗಿ ನೋಡಲಿ.

ಇನ್ನೊಂದು, ಮಾಡ್ಯುಲರ್ ಎಸ್‌ಎಂಪಿಎಸ್ ಇರೋರು ಒಂದು ಕಂಪನಿಯ ಕೇಬಲ್ಲನ್ನ ಇನ್ನೊಂದು ಕಂಪನಿಯದಕ್ಕೆ ಹಾಕ್ಬೇಡಿ. ಹಾರ್ಡ್‌ಡಿಸ್ಕ್ ಕಡೆಯ ತುದಿ ಮಾತ್ರ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಗೊಂದು ಥರ. ಕನೆಕ್ಟರ್ ಸಲೀಸಾಗಿ ಕೂತ್ಕೊಳ್ಳುತ್ತೆ, 5 ಬರಬೇಕಾದ ಕಡೆ 12 ಬರುತ್ತೆ, ಆಮೇಲೆ ಏನೂ ಬರಲ್ಲ.

ಅಂಗಡಿಯವರನ್ನ ವಿಲನ್ ಮಾಡೋಕೆ ನನಗಿಷ್ಟ ಇಲ್ಲ. ಎರಡನೇ ಸಲ ಹೋದಾಗ ಅವ್ರೇ ಹೇಳಿದ್ರು: "ಮೇಡಂ, ನಾವು ಒಳ್ಳೇದು ತೋರ್ಸಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ಅಲ್ಲಿ ಎರಡು ಸಾವಿರ ಕಡಿಮೆ ಬಿಲ್ಲು. ಆ ಎರಡು ಸಾವಿರ ಎಲ್ಲಿ ಕಡಿಮೆ ಆಗಿದೆ ಅಂತ ಯಾರೂ ಕೇಳಲ್ಲ." ನಿಜ. ಪ್ರೊಸೆಸರ್ ರೇಟು ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ, ರ‍್ಯಾಮೂ ಅಷ್ಟೇ. ಎಸ್.ಪಿ. ರೋಡ್ ಉದ್ದಕ್ಕೂ ಚೌಕಾಸಿ ಮಾಡಿಕೊಂಡು ಹೋದ್ರೆ ಕೊನೆಗೆ ಸವೆಯೋದು ನಾವು ಹೆಸರು ಬರೆಯದ ಸಾಲೇ. ಹೆಸರಿಲ್ಲದ ಕಡೆ ಏನು ಬೇಕಾದ್ರೂ ತುಂಬಬಹುದು.

ಈ ಸೆಮಿಸ್ಟರಿಗೆ ಮೊದಲ ಲಿಸ್ಟ್ ಕಳೆದ ವಾರ ಬಂತು, ಮೊದಲ ವರ್ಷದ ಒಬ್ಬ ಹುಡುಗನದು, ಹಾವೇರಿ ಕಡೆಯವನು. ಕೊನೇ ಸಾಲು ಯಥಾಪ್ರಕಾರ. ಮೇಲೆ ಬರೆದದ್ದನ್ನೆಲ್ಲ ವಾಯ್ಸ್ ನೋಟಿನಲ್ಲಿ ಹೇಳಿದೆ, ಎಂಟು ನಿಮಿಷ. ಎರಡು ದಿನ ಬಿಟ್ಟು ತಿದ್ದಿದ ಲಿಸ್ಟ್ ಕಳಿಸಿದ. ಬಣ್ಣದ ಲೈಟಿನ ಮೂರು ಫ್ಯಾನು ಹೋಗಿವೆ, ಕ್ಯಾಬಿನೆಟ್ ಒಂದು ಮೆಟ್ಟಿಲು ಕೆಳಗಿಳಿದಿದೆ, ಕೊನೇ ಸಾಲಿನಲ್ಲಿ ಕಂಪನಿ, ಮಾಡೆಲ್, 450 ವ್ಯಾಟ್ ಬ್ರಾಂಜ್, 12 ವೋಲ್ಟಿಗೆ 36 ಆಂಪಿಯರ್, ಐದು ವರ್ಷ ವಾರಂಟಿ. ಕೆಳಗೆ "ಕೆಂಪು ಸ್ವಿಚ್ ಇಲ್ಲ ಅಕ್ಕಾ, ಫೋಟೋ ನೋಡಿದೀನಿ" ಅಂತ ಬೇರೆ. ಖುಷಿಯಾಯ್ತು. ಮನೇಲಿ ಅರ್ಥಿಂಗ್ ಇದೆಯಾ, ಟೆಸ್ಟರ್ ಹಿಡಿದು ನೋಡಿದ್ಯಾ ಅಂತ ಕೇಳಿದೀನಿ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.